ನೆರೆಯ ಪಾಠಶಾಲೆಯ ಬಾಗಿಲು ಮುಚ್ಚಿದರೆ

ಹೈಸ್ಕೂಲಿನ ವಿಷಯವಾಗಿ ಬರೆಯ ಹೊರಟಾಗ ನಾವು ಸಾಧಾರಣವಾಗಿ ಅದರ ಕಟ್ಟಡವನ್ನೂ, ಅದರ ಪರೀಕ್ಷಾ ಫಲಿತಾಂಶಗಳನ್ನೂ, ಅಲ್ಲಿ ಕಲಿತು ಹೊರಗೆ ಹೋದವರ ಕೀರ್ತಿಯನ್ನೂ ಕುರಿತು ಹೇಳುವೆವು. ಆದರೆ ಹೈಸ್ಕೂಲಿನ ಮೆಟ್ಟಲನ್ನು ಹತ್ತಿದ ಪ್ರತಿಯೊಬ್ಬ ಬಾಲಿಕೆಯೂ ಅದಕ್ಕೆ ಮುಂಚೆ ಎಷ್ಟೋ ವರ್ಷಗಳ ಕಾಲ ಬೇರೊಂದು ಚಿಕ್ಕ ಪಾಠಶಾಲೆಯ ನೆಲದ ಮೇಲೆ ಕುಳಿತು ಅಕ್ಷರವನ್ನೂ ಮಗ್ಗಿಯನ್ನೂ ಕಲಿತವಳೆಂಬುದನ್ನು ನಾವು ಮರೆಯುತ್ತೇವೆ. ಆ ಚಿಕ್ಕ ಪಾಠಶಾಲೆಗೆ ದೊಡ್ಡ ಹೆಸರಿಲ್ಲ. ಅದು ಬೀದಿಯ ತುದಿಯಲ್ಲಿಯೋ ಗದ್ದೆಯ ಆಚೆಯಲ್ಲಿಯೋ ಇರುವುದು. ತಾಯಿಯು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಿದರೆ ಅದರ ಅಂಗಳಕ್ಕೆ ಕೇಳಿಸುವುದು. ಅದರ ಉಪಾಧ್ಯಾಯಿನಿಯು ಮಗುವಿನ ಅಜ್ಜಿಯನ್ನೂ ಬಲ್ಲಳು. ಇಂಥ ಪಾಠಶಾಲೆಯೊಂದನ್ನು ಮುಚ್ಚಿ ಅದರ ಮಕ್ಕಳನ್ನು ದೂರದ ಬೇರೊಂದು ಶಾಲೆಗೆ ಕಳುಹಿಸಿದರೆ ಅವರ ಕಲಿಕೆಗೆ ಏನಾಗುವುದು? ಈ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಂದಿರೂ ಆಲೋಚಿಸತಕ್ಕ ಕಾಲವು ಬಂದಿರುವುದರಿಂದ, ಈ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡಿದವರು ಕಂಡುಕೊಂಡ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸುತ್ತೇವೆ.

ಮೊದಲು, ಶಾಲೆಗಳನ್ನು ಮುಚ್ಚುವವರು ಹೇಳುವ ಕಾರಣಗಳನ್ನು ನ್ಯಾಯವಾಗಿ ಕೇಳೋಣ. ಅವರು ಮಕ್ಕಳ ವೈರಿಗಳಲ್ಲ. ಒಂದು ಪಾಠಶಾಲೆಯಲ್ಲಿ 200 ಮಕ್ಕಳಿಗೆ ಸ್ಥಳವಿದ್ದು 20 ಮಕ್ಕಳು ಮಾತ್ರ ಉಳಿದಿದ್ದರೆ, ಕಟ್ಟಡದ ದುರಸ್ತಿಯ ವೆಚ್ಚವೂ ಉಪಾಧ್ಯಾಯರ ಸಂಬಳವೂ ಪ್ರತಿ ಮಗುವಿಗೆ ಬಹಳವಾಗುತ್ತದೆ. ಒಬ್ಬನೇ ಉಪಾಧ್ಯಾಯನು ನಾಲ್ಕೈದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕಲಿಸಬೇಕಾಗುತ್ತದೆ. ಅವನಿಗೆ ಕಾಯಿಲೆಯಾದರೆ ಆ ದಿನ ಶಾಲೆಯೇ ಇಲ್ಲ. ಅದೇ ಮಕ್ಕಳನ್ನು ದೊಡ್ಡದೊಂದು ಶಾಲೆಗೆ ಸೇರಿಸಿದರೆ ಪ್ರತಿ ತರಗತಿಗೂ ಒಬ್ಬ ಉಪಾಧ್ಯಾಯರು, ಪುಸ್ತಕ ಭಂಡಾರ, ಆಟದ ಬಯಲು ಇವೆಲ್ಲ ದೊರೆಯುವುವು ಎಂಬುದು ಅವರ ವಾದ. ಕಾಗದದ ಮೇಲೆ ಈ ಲೆಕ್ಕವು ಸರಿಯಾಗಿಯೇ ಕಾಣುತ್ತದೆ. ಆದರೆ ಮಗುವು ಕಾಗದದ ಮೇಲಿನ ಅಂಕೆಯಲ್ಲವಾದ ಕಾರಣ, ಈ ವಾದವನ್ನು ನಿಜವಾಗಿ ನಡೆದ ಸಂಗತಿಯ ಮೇಲೆ ಒರೆ ಹಚ್ಚಿ ನೋಡುವುದು ಅವಶ್ಯವಾಗಿರುತ್ತದೆ.

ಹಾಗೆ ಒರೆ ಹಚ್ಚುವುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಷಿಕಾಗೋ ನಗರದಷ್ಟು ತಕ್ಕ ಉದಾಹರಣೆಯು ಬೇರೊಂದಿಲ್ಲ. ಮಿಷಿಗನ್ ಸರೋವರದ ದಡದಲ್ಲಿರುವ ಆ ಮಹಾನಗರದಲ್ಲಿ 2000ದಿಂದ 2010ರ ವರೆಗಿನ ಹತ್ತು ವರ್ಷಗಳಲ್ಲಿ ಜನಸಂಖ್ಯೆಯು ಸುಮಾರು ಎರಡು ಲಕ್ಷದಷ್ಟು ಇಳಿಯಿತು. ಹೊರಟುಹೋದವರಲ್ಲಿ ಬಹು ಮಂದಿ ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ವಾಸಿಸುತ್ತಿದ್ದ ಆಫ್ರಿಕನ್ ಅಮೆರಿಕನ್ ಕುಟುಂಬದವರು. ಅವರ ಕೇರಿಗಳ ಪಾಠಶಾಲೆಗಳಲ್ಲಿ ಬೆಂಚುಗಳು ಬರಿದಾದವು. ಶಿಕ್ಷಣ ಮಂಡಲಿಯ ಬೊಕ್ಕಸದಲ್ಲಿ ಕೊರತೆಯೂ ದೊಡ್ಡದಾಗಿತ್ತು. ಆದಕಾರಣ 2012ರ ಕೊನೆಯಲ್ಲಿ ಅಧಿಕಾರಿಗಳು ಮಕ್ಕಳು ಕಡಿಮೆಯಾದ ಮುನ್ನೂರಕ್ಕೆ ಮೇಲ್ಪಟ್ಟ ಶಾಲೆಗಳ ಪಟ್ಟಿಯನ್ನು ಮಾಡಿ, 2013ರ ಫೆಬ್ರವರಿಯಲ್ಲಿ ಅದನ್ನು 129ಕ್ಕೆ ಇಳಿಸಿ, ಮಾರ್ಚಿಯಲ್ಲಿ ಮುಚ್ಚತಕ್ಕ ಶಾಲೆಗಳ ಹೆಸರುಗಳನ್ನು ಪ್ರಕಟಿಸಿದರು. ಅದೇ ವರ್ಷ ಮೇ ತಿಂಗಳಿನ 22ನೆಯ ತಾರೀಖಿನಲ್ಲಿ ಶಿಕ್ಷಣ ಮಂಡಲಿಯು 49 ಪ್ರಾಥಮಿಕ ಪಾಠಶಾಲೆಗಳನ್ನೂ ಒಂದು ಹೈಸ್ಕೂಲು ವಿಭಾಗವನ್ನೂ ಮುಚ್ಚುವುದಕ್ಕೆ ಸಮ್ಮತಿ ಕೊಟ್ಟಿತು. ಆ ದೇಶದ ಯಾವ ನಗರದಲ್ಲಿಯೂ ಒಂದೇ ಸಾರಿಗೆ ಇಷ್ಟು ಶಾಲೆಗಳನ್ನು ಮುಚ್ಚಿದುದು ಅದಕ್ಕೆ ಮುಂಚೆ ಇರಲಿಲ್ಲ. ಸುಮಾರು 12,000 ಮಕ್ಕಳು ತಮ್ಮ ಶಾಲೆಯನ್ನು ಕಳೆದುಕೊಂಡರು. ಅವರನ್ನು ಸೇರಿಸಿಕೊಳ್ಳಬೇಕಾಗಿದ್ದ ಶಾಲೆಗಳಲ್ಲಿ ಸುಮಾರು 13,000 ಮಕ್ಕಳು ಮೊದಲೇ ಇದ್ದರು.

ತಂದೆತಾಯಂದಿರಿಗೆ ಅಧಿಕಾರಿಗಳು ಕೊಟ್ಟ ಮಾತು ಇದು: ಮಕ್ಕಳು ಹೋಗುವ ಶಾಲೆಯು ಬಿಟ್ಟುಬಂದ ಶಾಲೆಗಿಂತ ಉತ್ತಮವಾಗಿರುವುದು, ಅಲ್ಲಿ ಪುಸ್ತಕ ಭಂಡಾರವೂ ಹೊಸ ಉಪಕರಣಗಳೂ ಇರುವುವು, ದಾರಿಯಲ್ಲಿ ಮಕ್ಕಳ ರಕ್ಷಣೆಗಾಗಿ ಕಾವಲಿನವರು ನಿಲ್ಲುವರು. ಈ ಮಾತು ಪೂರ್ಣವಾಗಿ ಸುಳ್ಳಾಗಲಿಲ್ಲ. ಷಿಕಾಗೋ ವಿಶ್ವವಿದ್ಯಾನಿಲಯದ ಪಾಠಶಾಲಾ ಸಂಶೋಧನ ಸಂಘದವರು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶಾಲೆಯನ್ನು ಕಳೆದುಕೊಂಡ ಮಕ್ಕಳಲ್ಲಿ ನೂರಕ್ಕೆ 93 ಮಂದಿ ಮೊದಲಿನದಕ್ಕಿಂತ ಮೇಲಿನ ದರ್ಜೆಯೆಂದು ಎಣಿಸಲ್ಪಟ್ಟ ಶಾಲೆಯನ್ನೇ ಸೇರಿದರು. ಆದರೆ ಮೇಲಿನ ದರ್ಜೆಯೆಂದರೆ ಅತ್ಯುತ್ತಮವೆಂದಲ್ಲ. ನಗರದ ಅತಿ ಉತ್ತಮ ದರ್ಜೆಯ ಶಾಲೆಗಳನ್ನು ಸೇರಿದವರು ನೂರಕ್ಕೆ 21 ಮಂದಿ ಮಾತ್ರ. ಉಳಿದವರು ಸ್ವಲ್ಪ ಮೇಲಾದ ಶಾಲೆಗಳಿಗೆ ಹೋದರು.

ಇನ್ನು ಕಲಿಕೆಯ ಫಲಿತಾಂಶಕ್ಕೆ ಬರೋಣ. ಅದೇ ಸಂಘದವರು 2018ರಲ್ಲಿ ಎರಡನೆಯ ವರದಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಅವರು ಮುಚ್ಚಿದ ಶಾಲೆಗಳ ಮಕ್ಕಳನ್ನು, ಅವರಂತೆಯೇ ಇದ್ದು ಶಾಲೆಯನ್ನು ಕಳೆದುಕೊಳ್ಳದ ಮಕ್ಕಳೊಡನೆ ಹೋಲಿಸಿ ನೋಡಿದರು. ಈ ಹೋಲಿಕೆಯು ಅವಶ್ಯವಾದದ್ದು. ಏಕೆಂದರೆ ಮುಚ್ಚಲ್ಪಟ್ಟ ಶಾಲೆಗಳು ಮೊದಲೇ ಬಡವರ ಕೇರಿಯಲ್ಲಿದ್ದು ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದವು. ಬರಿಯ ಅಂಕಗಳನ್ನು ನೋಡಿದರೆ ಬಡತನದ ಫಲವಾವುದು, ಶಾಲೆ ಮುಚ್ಚಿದುದರ ಫಲವಾವುದು ಎಂಬುದು ತಿಳಿಯದೆ ಹೋಗುತ್ತಿತ್ತು.

ಅವರು ಕಂಡ ಮೊದಲನೆಯ ಸಂಗತಿಯು ಆಶ್ಚರ್ಯಕರವಾದದ್ದು. ಮಕ್ಕಳಿಗೆ ಅತಿ ಹೆಚ್ಚಿನ ನಷ್ಟವಾದದ್ದು ಹೊಸ ಶಾಲೆಗೆ ಹೋದ ವರ್ಷದಲ್ಲಿ ಅಲ್ಲ. ಹಳೆಯ ಶಾಲೆಯಲ್ಲಿ ಕುಳಿತಿದ್ದಾಗಲೇ, ಅದನ್ನು ಮುಚ್ಚುವರೆಂಬ ಸುದ್ದಿಯು ಹಬ್ಬಿದ ವರ್ಷದಲ್ಲಿ. ಆ ವರ್ಷದ ಪರೀಕ್ಷೆಯಲ್ಲಿ ಅವರು ಓದಿನಲ್ಲಿ ಸುಮಾರು ಒಂದೂವರೆ ತಿಂಗಳಿನ ಪಾಠದಷ್ಟೂ, ಗಣಿತದಲ್ಲಿ ಸುಮಾರು ಎರಡು ತಿಂಗಳಿನ ಪಾಠದಷ್ಟೂ ಹಿಂದೆ ಬಿದ್ದರು. ಅದೇ ನಗರದಲ್ಲಿ 2001ರಿಂದ 2006ರ ವರೆಗೆ ಮುಚ್ಚಿದ ಶಾಲೆಗಳನ್ನು ಕುರಿತು 2009ರಲ್ಲಿ ಬಂದ ವರದಿಯಲ್ಲಿಯೂ ಇದೇ ರೀತಿ ಕಂಡುಬಂದಿತ್ತು. ಆಗಲೂ ಸುದ್ದಿಯು ಸಾಧಾರಣವಾಗಿ ಜನವರಿಯಲ್ಲಿ ಬರುತ್ತಿತ್ತು. ಪರೀಕ್ಷೆಯು ಅದರ ತರುವಾಯ ನಡೆಯುತ್ತಿತ್ತು. ಆ ನಡುವಿನ ಕಾಲದಲ್ಲಿಯೇ ಹಾನಿಯು ಆಗಿಹೋಗುತ್ತಿತ್ತು.

ಇದಕ್ಕೆ ಕಾರಣವೇನೆಂಬುದನ್ನು ಮನೆಯಲ್ಲಿ ಮಕ್ಕಳನ್ನು ಸಾಕಿದವರಿಗೆ ಬಹಳವಾಗಿ ವಿವರಿಸಬೇಕಾಗಿಲ್ಲ. ಮನೆಯು ಹರಾಜಿಗೆ ಬಂದಿದೆಯೆಂದು ತಿಳಿದ ಕುಟುಂಬದಲ್ಲಿ ಯಾರು ಗೋಡೆಗೆ ಸುಣ್ಣ ಬಳಿಯುತ್ತಾರೆ? ಉಪಾಧ್ಯಾಯರು ತಮ್ಮ ಮುಂದಿನ ಕೆಲಸವೆಲ್ಲಿ ಎಂಬ ಚಿಂತೆಯಲ್ಲಿರುವರು. ತಂದೆತಾಯಂದಿರು ಸಭೆಗಳಿಗೆ ಓಡಾಡುವರು. ಶಾಲೆಯನ್ನು ಉಳಿಸಿಕೊಡಿರೆಂದು ಬೇಡುವರು. ಮಗುವು ಇದನ್ನೆಲ್ಲ ಕೇಳುತ್ತದೆ. ತನ್ನ ಶಾಲೆಯು ಕೆಟ್ಟದ್ದಂತೆ, ಆದ್ದರಿಂದ ಅದನ್ನು ಮುಚ್ಚುವರಂತೆ ಎಂದು ಕೇಳಿದ ಮಗುವು, ಹಾಗಾದರೆ ತಾನೂ ಕೆಟ್ಟವಳೋ ಎಂದು ಮನಸ್ಸಿನಲ್ಲಿ ಕೇಳಿಕೊಳ್ಳುವುದು ಅಸಹಜವಲ್ಲ. ಅಂಥ ಮನಸ್ಸಿನಲ್ಲಿ ಭಿನ್ನರಾಶಿಯ ಲೆಕ್ಕವು ನಿಲ್ಲುವುದಾದರೂ ಹೇಗೆ?

ಎರಡನೆಯ ಸಂಗತಿಯೇನೆಂದರೆ, ಹೊಸ ಶಾಲೆಗೆ ಹೋದ ಮೇಲೆ ಓದಿನಲ್ಲಿ ಆ ಮಕ್ಕಳು ತಾವು ಇರಬೇಕಾಗಿದ್ದ ಮಟ್ಟಕ್ಕೆ ಹಿಂದಿರುಗಿದರು. ಆದರೆ ಗಣಿತದಲ್ಲಿ ಹಾಗಾಗಲಿಲ್ಲ. ನಾಲ್ಕು ವರ್ಷಗಳಾದ ಮೇಲೂ ಅವರು ತಮ್ಮ ಸಮಾನಸ್ಥಿತಿಯ ಮಕ್ಕಳಿಗಿಂತ ಗಣಿತದಲ್ಲಿ ಹಿಂದೆಯೇ ಇದ್ದರು. ನಮ್ಮ ತಿಳುವಳಿಕೆಗೆ ತೋರುವ ಕಾರಣವು ಇದು: ಓದು ಎಂಬುದನ್ನು ಮಗುವು ಶಾಲೆಯ ಹೊರಗೂ ಅಭ್ಯಾಸ ಮಾಡುತ್ತದೆ. ಅಂಗಡಿಯ ಹಲಗೆ, ಹಳೆಯ ಪತ್ರಿಕೆ, ಅಕ್ಕನ ಪುಸ್ತಕ ಎಲ್ಲವೂ ಅದಕ್ಕೆ ಪಾಠವೇ. ಗಣಿತವಾದರೋ ಏಣಿಯಂತಿರುವುದು. ಭಾಗಾಕಾರದ ಮೆಟ್ಟಲು ಮುರಿದಿದ್ದರೆ ಅದರ ಮೇಲಿನ ಮೆಟ್ಟಲಿಗೆ ಕಾಲಿಡುವಂತಿಲ್ಲ. ಹೊಸ ಶಾಲೆಯ ಉಪಾಧ್ಯಾಯಿನಿಗೆ ಈ ಮಗುವು ಎಲ್ಲಿ ನಿಂತಿತು ಎಂಬುದು ತಿಳಿಯದು. ಅವಳ ತರಗತಿಯು ಆಗಲೇ ಮುಂದೆ ಹೋಗಿರುವುದು. ಹೈಸ್ಕೂಲಿನಲ್ಲಿ ಬೀಜಗಣಿತವೆಂದರೆ ಕಣ್ಣೀರಿಡುವ ಎಷ್ಟೋ ಬಾಲಿಕೆಯರ ಕಷ್ಟವು ಬೀಜಗಣಿತದಲ್ಲಿ ಹುಟ್ಟಿದ್ದಲ್ಲ, ನಾಲ್ಕನೆಯ ತರಗತಿಯಲ್ಲಿ ಬಿಟ್ಟುಹೋದ ಒಂದು ಮೆಟ್ಟಲಿನಲ್ಲಿ ಹುಟ್ಟಿದ್ದು ಎಂಬುದನ್ನು ಉಪಾಧ್ಯಾಯಿನಿಯರು ಚೆನ್ನಾಗಿ ಬಲ್ಲರು.

ಮೂರನೆಯ ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ನಷ್ಟವು ಬಂದ ಮಕ್ಕಳಿಗೆ ಮಾತ್ರವಲ್ಲ, ಅವರನ್ನು ಸೇರಿಸಿಕೊಂಡ ಶಾಲೆಯ ಮಕ್ಕಳಿಗೂ ತಟ್ಟಿತು. ಮೊದಲನೆಯ ವರ್ಷದಲ್ಲಿ ಅವರ ಓದಿನ ಅಂಕಗಳು ಸ್ವಲ್ಪ ಕೆಳಗಿಳಿದವು. ಎರಡು ಶಾಲೆಗಳನ್ನು ಒಂದು ಮಾಡುವುದಕ್ಕೆ ಸಿಕ್ಕಿದ ಕಾಲವು ಬಹಳ ಸ್ವಲ್ಪ. ಕೆಲವು ಕಟ್ಟಡಗಳಲ್ಲಿ ಶಾಲೆಯು ತೆರೆಯುವ ಹೊತ್ತಿಗೆ ಪೆಟ್ಟಿಗೆಗಳು ಇನ್ನೂ ಬಿಚ್ಚಿರಲಿಲ್ಲ, ಕೋಣೆಗಳು ಶುಚಿಯಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳಲ್ಲಿಯೂ ದೊಡ್ಡವರಲ್ಲಿಯೂ ನಾವು ಮತ್ತು ಅವರು ಎಂಬ ಭೇದವು ತಲೆದೋರಿತು. ಶಾಲೆಯ ಹೆಸರು ಅವರದು, ಬಣ್ಣ ಅವರದು, ಹಾಡು ಅವರದು. ನಮ್ಮದೆಂಬುದು ಏನೂ ಉಳಿಯಲಿಲ್ಲವೆಂದು ಬಂದವರಿಗೆ ತೋರಿತು. ಈವ್ ಯೂಯಿಂಗ್ ಎಂಬ ವಿದುಷಿಯು ಷಿಕಾಗೋ ನಗರದ ಬ್ರಾನ್ಸ್‌ವಿಲ್ ಎಂಬ ಭಾಗದ ಶಾಲೆಗಳನ್ನು ಕುರಿತು 2018ರಲ್ಲಿ ಬರೆದ ಪುಸ್ತಕದಲ್ಲಿ, ಮುಚ್ಚಿದ ಶಾಲೆಗಾಗಿ ಜನರು ಪಟ್ಟ ದುಃಖವನ್ನು ಮರಣದ ಶೋಕಕ್ಕೆ ಸಮಾನವಾದುದೆಂದು ವಿವರಿಸಿರುತ್ತಾಳೆ. ಹಳೆಯ ವಿದ್ಯಾರ್ಥಿನಿಯರ ಸಂಘವೆಂಬುದು ಏಕೆ ಇರುವುದು ಎಂಬುದನ್ನು ಬಲ್ಲವರಿಗೆ ಈ ಮಾತು ಅತಿಶಯೋಕ್ತಿಯಾಗಿ ತೋರಲಾರದು.

ಹಾಗಾದರೆ ಶಾಲೆಯನ್ನು ಮುಚ್ಚುವುದರಿಂದ ಎಂದಿಗೂ ಒಳ್ಳೆಯದಾಗುವುದಿಲ್ಲವೇ? ಹಾಗೆ ಹೇಳಿದರೆ ಅದು ಸತ್ಯಕ್ಕೆ ದೂರವಾದ ಮಾತಾಗುವುದು. 2009ರ ವರದಿಯಲ್ಲಿಯೇ, ಬಹಳ ಉತ್ತಮವಾದ ಶಾಲೆಯನ್ನು ಸೇರಿದ ಮಕ್ಕಳು ಮೊದಲಿಗಿಂತ ಹೆಚ್ಚಾಗಿ ಕಲಿತರೆಂದು ಕಂಡುಬಂದಿದೆ. ಓಹಾಯೋ ಸಂಸ್ಥಾನದ ಪಟ್ಟಣಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿಯೂ ಉತ್ತಮ ಶಾಲೆಗಳನ್ನು ಸೇರಿದವರಿಗೆ ಲಾಭವಾದುದು ತಿಳಿದುಬಂತು. ತೊಡಕು ಇರುವುದು ಬೇರೆ ಕಡೆಯಲ್ಲಿ. ಹಾಗೆ ಉತ್ತಮ ಶಾಲೆಯನ್ನು ಸೇರುವವರು ಎಷ್ಟು ಮಂದಿ? 2001ರಿಂದ 2006ರ ವರೆಗಿನ ಷಿಕಾಗೋ ಮಕ್ಕಳಲ್ಲಿ, ನಗರದ ಶಾಲೆಗಳಲ್ಲಿ ಮೇಲಿನ ಕಾಲುಭಾಗಕ್ಕೆ ಸೇರಿದ ಶಾಲೆಗಳಿಗೆ ಹೋದವರು ನೂರಕ್ಕೆ ಆರು ಮಂದಿ ಮಾತ್ರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 26 ಸಂಸ್ಥಾನಗಳಲ್ಲಿ ಮುಚ್ಚಿದ ಹಿಂದುಳಿದ ಶಾಲೆಗಳನ್ನು ಪರೀಕ್ಷಿಸಿ 2017ರಲ್ಲಿ ಕೊಟ್ಟ ವರದಿಯಲ್ಲಿ, ಮೊದಲಿಗಿಂತ ಉತ್ತಮವಾದ ಶಾಲೆಯನ್ನು ಸೇರಿದ ಮಕ್ಕಳು ಅರ್ಧಕ್ಕಿಂತ ಸ್ವಲ್ಪ ಕಡಿಮೆಯೆಂದು ಹೇಳಿದೆ. ಆದ್ದರಿಂದ ಲಾಭವು ಹಳೆಯ ಶಾಲೆಯನ್ನು ಮುಚ್ಚಿದುದರಿಂದ ಹುಟ್ಟುವುದಲ್ಲ, ಹೊಸ ಶಾಲೆಯು ಉತ್ತಮವಾಗಿರುವುದರಿಂದ ಹುಟ್ಟುವುದು. ಒಳ್ಳೆಯ ಶಾಲೆಯನ್ನು ಮೊದಲು ಸಿದ್ಧಪಡಿಸದೆ ಹಳೆಯದನ್ನು ಮುಚ್ಚುವುದು, ಸೇತುವೆಯನ್ನು ಕಟ್ಟದೆ ದೋಣಿಯನ್ನು ಒಡೆದಂತೆಯೇ ಸರಿ.

ಈ ಅನುಭವವು ಅಮೆರಿಕದ್ದು ಮಾತ್ರವೆಂದು ಯಾರೂ ತಿಳಿಯಬಾರದು. ಡೆನ್ಮಾರ್ಕ್ ದೇಶದಲ್ಲಿ 2010–11ರ ಸುಮಾರಿಗೆ ಅನೇಕ ಶಾಲೆಗಳನ್ನು ಒಂದುಗೂಡಿಸಿದಾಗಲೂ, ತಮ್ಮ ಶಾಲೆಯನ್ನು ಕಳೆದುಕೊಂಡ ಮಕ್ಕಳ ಕಲಿಕೆಯು ಮೊದಲಲ್ಲಿ ಕುಗ್ಗಿತೆಂದು ಅಲ್ಲಿಯ ವಿದ್ವಾಂಸರು ತೋರಿಸಿರುತ್ತಾರೆ. ಅಮೆರಿಕವೂ ಡೆನ್ಮಾರ್ಕೂ ಸಂಪತ್ತುಳ್ಳ ದೇಶಗಳು. ರಸ್ತೆ, ಬಸ್ಸು, ಬಿಸಿ ಮಾಡಿದ ಕೋಣೆಗಳು ಇರುವ ದೇಶಗಳು. ಅಲ್ಲಿಯೇ ಹೀಗಾದರೆ ಇತರ ಕಡೆಗಳಲ್ಲಿ ಹೇಗೆಂಬುದನ್ನು ಯೋಚಿಸಬೇಕು.

ಹಣದ ಉಳಿತಾಯದ ವಿಷಯವಾಗಿಯೂ ಒಂದು ಮಾತು. ಅಮೆರಿಕದ ಆರು ನಗರಗಳಲ್ಲಿ ಮುಚ್ಚಿದ ಶಾಲೆಗಳ ಲೆಕ್ಕವನ್ನು ನೋಡಿ ಪ್ಯೂ ಧರ್ಮನಿಧಿಯವರು 2011ರಲ್ಲಿ ಬರೆದಂತೆ, ಒಂದೊಂದು ಶಾಲೆಯಿಂದ ವರ್ಷಕ್ಕೆ ಉಳಿದದ್ದು ಸಾಧಾರಣವಾಗಿ ಹತ್ತು ಲಕ್ಷ ಡಾಲರಿಗಿಂತ ಕಡಿಮೆ. ಆ ನಗರಗಳ ಶಿಕ್ಷಣದ ಒಟ್ಟು ವೆಚ್ಚದ ಮುಂದೆ ಅದು ಅತಿ ಸ್ವಲ್ಪ ಮೊಬಲಗು. ಕಟ್ಟಡಗಳನ್ನು ಮಾರುವುದೂ ಸುಲಭವಾಗಲಿಲ್ಲ. ಷಿಕಾಗೋ ನಗರದಲ್ಲಿ ಮುಚ್ಚಿದ ಶಾಲೆಗಳಲ್ಲಿ ಅನೇಕವು ಎಷ್ಟೋ ವರ್ಷಗಳ ಕಾಲ ಕಿಟಕಿಗಳಿಗೆ ಹಲಗೆ ಹೊಡೆದ ಸ್ಥಿತಿಯಲ್ಲಿ ಬರಿದಾಗಿ ನಿಂತವು.

ಈಗ, ಹೆಣ್ಣುಮಕ್ಕಳ ಹೈಸ್ಕೂಲಿನೊಡನೆ ಸಂಬಂಧವುಳ್ಳ ನಮಗೆ ಅತ್ಯಂತ ಮುಖ್ಯವಾದ ಅಂಶಕ್ಕೆ ಬರೋಣ. ಅದು ದಾರಿಯ ದೂರ. 2015ರ ಷಿಕಾಗೋ ವರದಿಯಲ್ಲಿ ಒಂದು ಸಂಗತಿಯು ಮನಸ್ಸಿನಲ್ಲಿ ನಿಲ್ಲುವಂಥದು. ನಗರಾಧಿಕಾರಿಗಳು ಗೊತ್ತುಮಾಡಿದ ಶಾಲೆಯನ್ನು ಸೇರಿದವರು ನೂರಕ್ಕೆ 66 ಮಂದಿ. ಉಳಿದವರು ಬೇರೆ ಶಾಲೆಗಳಿಗೆ ಹೋದರು. ಅವರಲ್ಲಿ ಕೆಲವರು ಗೊತ್ತುಮಾಡಿದುದಕ್ಕಿಂತ ಕೆಳಗಿನ ದರ್ಜೆಯ ಶಾಲೆಯನ್ನು ಬೇಕೆಂದೇ ಆರಿಸಿಕೊಂಡರು. ಏಕೆ? ಅದು ಮನೆಗೆ ಹತ್ತಿರವಿತ್ತು. ದಾರಿಯು ಅಪಾಯವಿಲ್ಲದ್ದಾಗಿತ್ತು. ಅಲ್ಲಿ ಪರಿಚಯದವರಿದ್ದರು. ಅಧಿಕಾರಿಗಳು ಶಾಲೆಯ ಗುಣವನ್ನು ಅಂಕಗಳಿಂದ ಅಳೆದರು. ತಾಯಿಯಾದರೋ ಅದನ್ನು ಮಗುವು ಸಂಜೆ ಕ್ಷೇಮವಾಗಿ ಮನೆಗೆ ಬರುವುದರಿಂದಲೂ, ಉಪಾಧ್ಯಾಯಿನಿಯು ಮಗುವಿನ ಹೆಸರನ್ನು ಬಲ್ಲಳೋ ಎಂಬುದರಿಂದಲೂ ಅಳೆದಳು. ಈ ಎರಡು ಅಳತೆಗಳಲ್ಲಿ ಯಾವುದನ್ನೂ ತಪ್ಪೆನ್ನುವಂತಿಲ್ಲ.

ದಾರಿಯ ದೂರವು ಹುಡುಗಿಯರ ವಿದ್ಯೆಯನ್ನು ಹೇಗೆ ನುಂಗುವುದೆಂಬುದನ್ನು ಅಫಘಾನಿಸ್ತಾನದಲ್ಲಿ ನಡೆದ ಪರೀಕ್ಷೆಯೊಂದು ಅತಿ ಸ್ಪಷ್ಟವಾಗಿ ತೋರಿಸಿರುತ್ತದೆ. ಅದರ ವಾಯವ್ಯ ಭಾಗದಲ್ಲಿರುವ ಘೋರ್ ಪ್ರಾಂತದ 31 ಗ್ರಾಮಗಳಲ್ಲಿ, 2007ರಲ್ಲಿ ಕೆಲವಕ್ಕೆ ಗ್ರಾಮದೊಳಗೇ ಒಂದು ಪಾಠಶಾಲೆಯನ್ನು ಮೊದಲು ಕೊಟ್ಟು, ಉಳಿದವಕ್ಕೆ ಒಂದು ವರ್ಷ ತಡೆದು ಕೊಟ್ಟರು. ಯಾವ ಗ್ರಾಮಕ್ಕೆ ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಣಯಿಸಿದ ಕಾರಣ ಹೋಲಿಕೆಯು ನ್ಯಾಯವಾಗಿತ್ತು. ಡಾನಾ ಬರ್ಡ್ ಮತ್ತು ಲೀ ಲಿಂಡನ್ ಎಂಬ ಇಬ್ಬರು ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಫಲಿತಾಂಶವಿದು: ಊರಿನಲ್ಲಿಯೇ ಶಾಲೆಯಾದ ಕಡೆಯಲ್ಲಿ, ಇಲ್ಲದ ಕಡೆಗಿಂತ, ನೂರು ಹುಡುಗಿಯರಲ್ಲಿ 52 ಮಂದಿ ಹೆಚ್ಚಾಗಿ ಶಾಲೆಗೆ ಸೇರಿದರು. ಹುಡುಗರಲ್ಲಿ ಹೆಚ್ಚಿದವರು ನೂರಕ್ಕೆ 35 ಮಂದಿ. ಶಾಲೆಗೆ ಸೇರುವುದರಲ್ಲಿ ಹುಡುಗ ಹುಡುಗಿಯರಿಗಿದ್ದ ವ್ಯತ್ಯಾಸವು ಬಹುಮಟ್ಟಿಗೆ ಅಳಿದುಹೋಯಿತು. ಪರೀಕ್ಷೆಯ ಅಂಕಗಳಲ್ಲಿಯೂ ಹುಡುಗಿಯರಿಗೇ ಹೆಚ್ಚು ಲಾಭವಾಯಿತು. ಶಾಲೆಯು ಒಂದೊಂದು ಮೈಲಿ ದೂರವಾದಂತೆ ನೂರಕ್ಕೆ 13 ಹುಡುಗರು ಬಿಟ್ಟುಹೋದರೆ, ಹುಡುಗಿಯರಲ್ಲಿ 19 ಮಂದಿ ಬಿಟ್ಟುಹೋಗುತ್ತಿದ್ದರು. ಒಂದು ಮೈಲಿಯ ದೂರವು ಹುಡುಗನಿಗೆ ಬರಿಯ ನಡಿಗೆ. ಹುಡುಗಿಗೆ ಅದು ತಂದೆತಾಯಂದಿರ ಭಯ, ನೆರೆಯವರ ಮಾತು, ಮನೆಗೆಲಸದ ಹೊತ್ತು ಎಲ್ಲವೂ ಆಗಿರುವುದು. ಅದೇ ದೇಶದಲ್ಲಿ 2021ರಿಂದೀಚೆಗೆ ಆರನೆಯ ತರಗತಿಯ ಮೇಲಿನ ಹುಡುಗಿಯರಿಗೆ ಶಾಲೆಯ ಬಾಗಿಲನ್ನೇ ಮುಚ್ಚಿರುವುದನ್ನು ನೆನೆದರೆ ಮನಸ್ಸಿಗೆ ಖೇದವಾಗುವುದು.

ನಮ್ಮ ದೇಶದ ಬಿಹಾರ ಪ್ರಾಂತದಿಂದಲೂ ಒಂದು ಸಾಕ್ಷ್ಯವುಂಟು. ಅಲ್ಲಿಯ ಸರಕಾರವು 2006ರಲ್ಲಿ, ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲು ಕೊಳ್ಳುವುದಕ್ಕೆ ಹಣ ಕೊಡುವ ಏರ್ಪಾಡನ್ನು ಆರಂಭಿಸಿತು. ಅದರ ಪರಿಣಾಮವಾಗಿ ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆಯು ನೂರಕ್ಕೆ ಸುಮಾರು 30ರಷ್ಟು ಏರಿತೆಂದು ಪರಿಶೀಲಕರು ತಿಳಿಸಿರುತ್ತಾರೆ. ಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆಯು ಹೆಚ್ಚಾಗಿತ್ತು. ಆ ಹುಡುಗಿಯರಿಗೆ ಕಲಿಯುವ ಇಚ್ಛೆಯು ಮೊದಲೂ ಇತ್ತು. ಕಡಿಮೆಯಾಗಿದ್ದದ್ದು ದಾರಿಯನ್ನು ದಾಟುವ ಉಪಾಯ ಮಾತ್ರ. ಹೈಸ್ಕೂಲಿನ ವಯಸ್ಸಿನ ಹುಡುಗಿಯಾದರೆ ಸೈಕಲ್ಲನ್ನು ತುಳಿದಾಳು. ಆರು ವರ್ಷದ ಮಗುವು ಏನನ್ನು ತುಳಿದೀತು? ಅದಕ್ಕೆ ಪಾಠಶಾಲೆಯೇ ಹತ್ತಿರ ಬರಬೇಕು.

ನಮ್ಮ ದೇಶದ ಕಾಯಿದೆಯೂ ಈ ತತ್ವವನ್ನು ಒಪ್ಪಿಕೊಂಡಿರುತ್ತದೆ. ಡಾಕ್ಟರ್ ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿಯೇ ನೆರೆಯ ಪಾಠಶಾಲೆಯ ಪದ್ಧತಿಯನ್ನು ಶಿಫಾರಸು ಮಾಡಿತ್ತು. 2009ರಲ್ಲಿ ಅಂಗೀಕೃತವಾಗಿ 2010ರ ಎಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯ 6ನೆಯ ಪ್ರಕರಣವು, ನೆರೆಹೊರೆಯಲ್ಲಿ ಶಾಲೆಯನ್ನು ಸ್ಥಾಪಿಸುವುದು ಸರಕಾರದ ಕರ್ತವ್ಯವೆಂದು ವಿಧಿಸಿದೆ. ಅದರ ಮಾದರಿ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಯ ವರೆಗಿನ ಮಕ್ಕಳಿಗೆ ನಡೆದು ಹೋಗುವ 1 ಕಿಲೋಮೀಟರ್ ದೂರದೊಳಗೂ, ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ 3 ಕಿಲೋಮೀಟರ್ ದೂರದೊಳಗೂ ಶಾಲೆಯಿರಬೇಕು. ಹೀಗಿದ್ದರೂ ಮಕ್ಕಳು ಕಡಿಮೆಯಾದ ಶಾಲೆಗಳನ್ನು ಸೇರಿಸಿಬಿಡುವ ಕಾರ್ಯವು ಹಲವು ಪ್ರಾಂತಗಳಲ್ಲಿ ನಡೆದಿದೆ. ರಾಜಸ್ಥಾನದಲ್ಲಿ 2014ರಲ್ಲಿ ಸುಮಾರು 17,000 ಶಾಲೆಗಳನ್ನು ಇತರ ಶಾಲೆಗಳೊಡನೆ ವಿಲೀನ ಮಾಡಿದರು. ಕರ್ನಾಟಕದಲ್ಲಿಯೂ ಮಕ್ಕಳ ಸಂಖ್ಯೆಯು ಇಳಿದುಹೋದ ಕನ್ನಡ ಪ್ರಾಥಮಿಕ ಶಾಲೆಗಳನ್ನು ಸಮೀಪದ ಶಾಲೆಗಳಿಗೆ ಸೇರಿಸುವ ಮಾತು ಮೇಲಿಂದ ಮೇಲೆ ಎದ್ದು, ಪ್ರತಿ ಸಾರಿಯೂ ಜನರಿಂದ ಆಕ್ಷೇಪಣೆಯು ಬಂದಿರುತ್ತದೆ.

ಇದರಲ್ಲಿ ನಮ್ಮ ಭಾಗವೇನು ಎಂದು ವಾಚಕರು ಕೇಳಬಹುದು. ನಮ್ಮ ಭಾಗವು ಸಣ್ಣದಲ್ಲ. ಊರಿನ ಚಿಕ್ಕ ಪಾಠಶಾಲೆಯು ಹೇಗೆ ಬರಿದಾಗುವುದೆಂಬುದನ್ನು ನಾವು ಬಲ್ಲೆವು. ಅನುಕೂಲವುಳ್ಳವರು ತಮ್ಮ ಮಕ್ಕಳನ್ನು ಮೊದಲು ಅಲ್ಲಿಂದ ತೆಗೆದು, ಪೇಟೆಯ ಇಂಗ್ಲಿಷ್ ಶಾಲೆಯ ಬಸ್ಸಿಗೆ ಹತ್ತಿಸುವರು. ಅವರನ್ನು ನೋಡಿ ಸ್ವಲ್ಪ ಅನುಕೂಲವುಳ್ಳವರೂ ಹಾಗೆಯೇ ಮಾಡುವರು. ಕೊನೆಗೆ ಅಲ್ಲಿ ಉಳಿಯುವವರು ಬೇರೆ ಗತಿಯಿಲ್ಲದವರ ಮಕ್ಕಳು. ಅವರಲ್ಲಿಯೂ ಮಗನಿಗೆ ಫೀಸು ಕೊಟ್ಟು ಮಗಳನ್ನು ಊರ ಶಾಲೆಯಲ್ಲಿಯೇ ಬಿಟ್ಟ ಮನೆಗಳು ಎಷ್ಟೋ ಇರುವುವು. ಆದುದರಿಂದ ಅಂಥ ಶಾಲೆಯು ಮುಚ್ಚಿದ ದಿನ ದಾರಿ ತಪ್ಪುವವಳು ಆ ಮಗಳೇ. ಕೂಗುವುದಕ್ಕೆ ಅವಳಿಗೆ ಧ್ವನಿಯಿಲ್ಲ. ಸಭೆಗೆ ಹೋಗುವುದಕ್ಕೆ ಅವಳ ತಾಯಿಗೆ ಬಿಡುವಿಲ್ಲ.

ಆದುದರಿಂದ, ನಿಮ್ಮ ಊರಿನ ಪಾಠಶಾಲೆಯನ್ನು ಮುಚ್ಚುವ ಅಥವಾ ಸೇರಿಸುವ ಮಾತು ಬಂದಾಗ, ಕಲಿತ ಹೆಂಗಸರಾದ ನೀವು ಸಭೆಗೆ ಹೋಗಿ ಕೆಲವು ಪ್ರಶ್ನೆಗಳನ್ನು ಕೇಳತಕ್ಕದ್ದು. ಒಂದನೆಯದು: ಮಕ್ಕಳು ಹೋಗಬೇಕಾದ ಶಾಲೆಯು ಕಲಿಸುವುದರಲ್ಲಿ ನಿಜವಾಗಿ ಉತ್ತಮವೋ, ಅಥವಾ ಬರಿಯ ದೊಡ್ಡದೋ? ಎರಡನೆಯದು: ಅತಿ ಚಿಕ್ಕ ಮಗುವು ಮಳೆಗಾಲದಲ್ಲಿ ಆ ದಾರಿಯನ್ನು ನಡೆಯಬಲ್ಲದೋ? ನಡುವೆ ಹೊಳೆಯುಂಟೋ, ಹೆದ್ದಾರಿಯುಂಟೋ? ನಕ್ಷೆಯ ಮೇಲಿನ ಒಂದು ಕಿಲೋಮೀಟರಿಗೂ ಆಷಾಢದ ಕೆಸರಿನ ಒಂದು ಕಿಲೋಮೀಟರಿಗೂ ಬಹಳ ವ್ಯತ್ಯಾಸವಿರುವುದು. ಮೂರನೆಯದು: ಸುದ್ದಿಯನ್ನು ಯಾವಾಗ ಹೇಳುವರು? ಪರೀಕ್ಷೆಯ ಮುಂದೆ ಹೇಳಿ ಮಕ್ಕಳನ್ನು ಕಂಗೆಡಿಸುವರೋ, ಅಥವಾ ವರ್ಷವೊಂದರ ಅವಧಿ ಕೊಟ್ಟು ಎರಡು ಶಾಲೆಗಳ ಮಕ್ಕಳಿಗೂ ಉಪಾಧ್ಯಾಯರಿಗೂ ಪರಿಚಯ ಮಾಡಿಸುವರೋ? ನಾಲ್ಕನೆಯದು: ಹಳೆಯ ಶಾಲೆಯ ಉಪಾಧ್ಯಾಯರಲ್ಲಿ ಒಬ್ಬರಾದರೂ ಮಕ್ಕಳ ಸಂಗಡ ಹೊಸ ಶಾಲೆಗೆ ಹೋಗುವರೋ? ಐದನೆಯದು: ಪ್ರತಿ ಮಗುವೂ ಗಣಿತದಲ್ಲಿ ಎಲ್ಲಿ ನಿಂತಿತೆಂಬುದನ್ನು ಬರೆದು ಕೊಡುವರೋ? ಕಡೆಯದಾಗಿ, ಒಂದು ವರ್ಷವಾದ ಮೇಲೆ ಯಾರಾದರೂ ಪಟ್ಟಿಯನ್ನು ಹಿಡಿದು, ಹೋದ ಮಕ್ಕಳೆಲ್ಲರೂ ಇನ್ನೂ ಶಾಲೆಯಲ್ಲಿರುವರೋ ಎಂದು ಹೆಸರು ಹೆಸರಾಗಿ ಎಣಿಸುವರೋ?

ಈ ಪ್ರಶ್ನೆಗಳಿಗೆ ಸಮರ್ಪಕವಾದ ಉತ್ತರವು ದೊರೆತರೆ, ಐದಾರು ಮಕ್ಕಳ ಶಾಲೆಯೊಂದನ್ನು ಸಮೀಪದ ಒಳ್ಳೆಯ ಶಾಲೆಗೆ ಸೇರಿಸುವುದಕ್ಕೆ ನಾವು ವಿರೋಧಿಸಬೇಕಾದ ಕಾರಣವಿಲ್ಲ. ಉತ್ತರವು ದೊರೆಯದಿದ್ದರೆ, ಉಳಿತಾಯವೆಂದು ಕರೆಯುವುದು ಉಳಿತಾಯವಲ್ಲ. ಅದು ಆ ಮಕ್ಕಳ ಲೆಕ್ಕಕ್ಕೆ ಬರೆದ ಸಾಲ. ಅದನ್ನು ಅವರು ಹೈಸ್ಕೂಲಿನ ಗಣಿತದ ತರಗತಿಯಲ್ಲಿ ತೀರಿಸುವರು, ಅಥವಾ ಹೈಸ್ಕೂಲಿಗೆ ಬಾರದೆ ಮನೆಯಲ್ಲಿ ತೀರಿಸುವರು.

ಹಳೆಯ ವಿದ್ಯಾರ್ಥಿನಿಯರೇ, ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ನಿಮಗೆ ಮೊದಲನೆಯ ಅಕ್ಷರವನ್ನು ಕಲಿಸಿದ ಪಾಠಶಾಲೆಯನ್ನು ಒಂದು ಗಳಿಗೆ ನೆನೆಯಿರಿ. ಅದು ಈಗ ಇರುವುದೋ? ಅದರ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿರುವುವು? ಮುಂದಿನ ರಜೆಯಲ್ಲಿ ತವರಿಗೆ ಹೋದಾಗ ಅದರ ಬಾಗಿಲ ತನಕ ನಡೆದು ನೋಡಿರಿ. ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಅಲ್ಲಿಯ ಉಪಾಧ್ಯಾಯಿನಿಯನ್ನು ಮಾತಾಡಿಸಿರಿ. ಏನು ಕಡಿಮೆಯಾಗಿದೆಯೆಂದು ಕೇಳಿರಿ. ನೀವು ಕಲಿತ ಹೈಸ್ಕೂಲಿಗೆ ಮುಂದೆ ಬರತಕ್ಕ ಬಾಲಿಕೆಯು ಈಗ ಅಂಥದೊಂದು ಕೋಣೆಯಲ್ಲಿಯೇ ಕುಳಿತು ಮಗ್ಗಿ ಹೇಳುತ್ತಿರುವಳು.